ಮಾವನ ಮನೆಯಲ್ಲಿದ್ದ ನನ್ನ ಓಟು

ನನಗೆ ಮದುವೆಯಾಗಿಲ್ಲ. ಆದರೆ ಚಿಂತಾಮಣಿ ತಾಲ್ಲೂಕಿನ ಮತದಾರರ ಪಟ್ಟಿಯನ್ನು ನಂಬುವುದಾದರೆ, ಎಂಬತ್ತನಾಲ್ಕನೇ ಇಸವಿಯಿಂದ ನಾನು ನನ್ನ ಸೋದರಮಾವ ವೆಂಕಟರಾಮಪ್ಪನ ಹೆಂಡತಿ. ಅವನ ಮನೆಯಲ್ಲಿ ಒಂದು ದಿನವೂ ಒಲೆ ಹಚ್ಚಿದವಳಲ್ಲ, ಆದರೂ ಮನೆ ನಂಬರಿನ ಸಮೇತ ಅಚ್ಚಾಗಿಹೋಗಿದೆ: ಶ್ಯಾಮಲಮ್ಮ, ಗಂಡ ವೆಂಕಟರಾಮಪ್ಪ, ಹೆಣ್ಣು, ವಯಸ್ಸು ಇಪ್ಪತ್ತೆರಡು. ಪಟ್ಟಿ ಹೊಸದಾಗಿ ಅಚ್ಚಾದಾಗಲೆಲ್ಲ ವಯಸ್ಸು ಮಾತ್ರ ಏರುತ್ತಾ ಬಂದು, ಈ ತೊಂಬತ್ತೈದಕ್ಕೆ ಮೂವತ್ತಮೂರು ಆಗಿದೆ. ಗಂಡನ ವಿಷಯದಲ್ಲಿ ಸರ್ಕಾರ ತಪ್ಪಿದರೂ ವಯಸ್ಸಿನ ವಿಷಯದಲ್ಲಿ ತಪ್ಪಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಇದು ಯಾವ ಗುಮಾಸ್ತನೂ ಕೈತಪ್ಪಿ ಬರೆದದ್ದಲ್ಲ. ನಮ್ಮಮ್ಮ ಅಮ್ಮಾಜಮ್ಮ ನಿಂತು ಬರೆಸಿದ್ದು. ವೆಂಕಟರಾಮಪ್ಪ ಅವಳ ಕೊನೆಯ ತಮ್ಮ. ಅಕ್ಕನ ಮಗಳು ತಮ್ಮನಿಗೇ ಎಂದು ನಮ್ಮ ಕಡೆ ತೊಟ್ಟಿಲಲ್ಲಿರುವಾಗಲೇ ಮಾತಾಗಿಬಿಡುತ್ತದೆ. ನನ್ನದೂ ಹಾಗೇ ಆಗಿತ್ತು. ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ಹೋಗುವ ದಾರಿಯಲ್ಲಿ ಮಾವನ ಹಳ್ಳಿ. ಅಲ್ಲಿ ತಾಂಬೂಲ ಬದಲಾಯಿಸಿ, ಮಾಘಮಾಸದಲ್ಲಿ ಮದುವೆ ಎಂದು ಗೊತ್ತು ಮಾಡಿದ ದಿನವೇ ರಾಮಾಂಜಿನಪ್ಪ ಮೇಷ್ಟ್ರು ಮನೆಮನೆಗೆ ಓಟಿನ ಪಟ್ಟಿ ಬರೆಯುತ್ತಾ ಬಂದರಂತೆ. ಅಮ್ಮ ಅವರನ್ನು ಕೂರಿಸಿ ಹೋಳಿಗೆ ಬಡಿಸಿದಳು.

"ಮೇಷ್ಟ್ರೇ, ಹಂಗೇ ನಮ್ಮ ಹುಡುಗೀನೂ ಬರ್ಕೊಂಡ್‌ಬಿಡಿ. ಮಾಘ ಕಳೆದ್ರೆ ಈ ಮನೇಲೇ ಇರ್ತಾಳೆ. ಅವಳೊಬ್ಳಿಗೋಸ್ಕರ ಇನ್ನೊಂದ್ ಸಲ ಬಿಸಿಲಲ್ಲಿ ಬರ್ಬೇಕಾ ನೀವು?"

ಮೇಷ್ಟ್ರು ತುಪ್ಪದ ಕೈ ಒರೆಸಿಕೊಂಡು ಬರೆದರು. ತಾಳಿ ಕಟ್ಟುವುದಕ್ಕೆ ಮೊದಲೇ ನಾನು ಹೆಂಡತಿಯಾದೆ.

ಶಿಡ್ಲಘಟ್ಟದ ನಮ್ಮ ಸ್ವಂತ ಮನೆಯಲ್ಲಿ ಯಾಕೆ ಬರೆಸಲಿಲ್ಲ ಎಂದು ಕೇಳಿದರೆ, ನಮ್ಮ ಬೀದಿಯವರು ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಮದುವೆಯಾಗದ ಹುಡುಗಿಯ ಹೆಸರನ್ನು ತವರಿನಲ್ಲಿ ಯಾರಾದರೂ ಬರೆಸುತ್ತಾರೆಯೇ? ಬೇರೆ ಮನೆಗೆ ಹೋಗುವವಳು, ಅಲ್ಲಿ ಬರೆದುಕೊಳ್ಳುತ್ತಾರೆ. ತವರಿನಲ್ಲಿ ಬರೆಸಿದರೆ ಇನ್ನು ಇವಳು ಇಲ್ಲೇ ಎಂದು ಊರಿಗೆಲ್ಲ ಸಾರಿದಂತೆ. ಹೆಣ್ಣು ಕೇಳಲು ಬರುವವರೂ ಹಿಂದೆ ಸರಿಯುತ್ತಾರೆ ಎನ್ನುವ ಹೆದರಿಕೆ ಬೇರೆ.

ಮಾಘ ಬರುವ ಮೊದಲೇ ನನಗೆ ಪ್ರೈಮರಿ ಶಾಲೆಯ ಕೆಲಸದ ಆರ್ಡರ್ ಬಂತು. ಮಾವ ಹೇಳಿಕಳಿಸಿದ: "ಸಂಬಳದೋಳು ನಮ್ಗ್ಯಾಕೆ, ಹುಳ ಮೇಯ್ಸೋರು ಬೇಕು." ರೇಷ್ಮೆಹುಳಕ್ಕಿಂತ ನಾನು ಕಡೆಯಾದೆ. ಕೆಲಸ ಬಿಡುತ್ತೀಯಾ ಎಂದು ನನ್ನನ್ನೊಂದು ಮಾತು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ, ಆದರೆ ಕೇಳಬೇಕಾಗಿತ್ತು. ಗೌರಿಬಿದನೂರು ಕಡೆಯಿಂದ ವೆಂಕಟರತ್ನಮ್ಮನನ್ನು ತಂದು ಅದೇ ಮಾಘದಲ್ಲಿ ಮದುವೆ ಮಾಡಿದರು. ನಾನೂ ಹೋಗಿ ಊಟ ಮಾಡಿಬಂದೆ. ನಾನು ಅಳುತ್ತೇನೋ ಇಲ್ಲವೋ ನೋಡೋಣವೆಂದು ನೆಂಟರೆಲ್ಲ ನನ್ನ ಎಲೆಯ ಸುತ್ತಲೇ ಸುಳಿದಾಡುತ್ತಿದ್ದರು. ಅವರ ಹೊಟ್ಟೆ ಉರಿಯಲಿ ಎಂದು ಎರಡನೇ ಸಲ ಪಾಯಸ ಹಾಕಿಸಿಕೊಂಡೆ.

ಹೆಂಡತಿ ಬಂದಳು, ಪಟ್ಟಿಯಲ್ಲಿ ನನ್ನ ಹೆಸರು ಹಾಗೇ ಉಳಿಯಿತು. ಮುಂದಿನ ಓಟಿಗೆ ವೆಂಕಟರತ್ನಮ್ಮನ ಹೆಸರು ಹುಡುಕಿದರೆ ಇಲ್ಲ. ಚೀಟಿ ಹಂಚುತ್ತಿದ್ದ ಪಾರ್ಟಿಯವರು, "ವೆಂಕಟರಾಮಪ್ಪನ ಹೆಂಡ್ತಿ ಅಂತ ಒಂದು ಓಟು ಇದೆಯಲ್ಲ, ನೀನೇ ತಾನೇ ಹೆಂಡ್ತಿ, ಹೋಗಿ ಹಾಕಮ್ಮ" ಎಂದರಂತೆ. ಅವಳು ಶ್ಯಾಮಲಮ್ಮನಾಗಿ ಹೋಗಿ ಹಾಕಿಬಂದಳು. ಆಮೇಲೆ ಬಂದ ಎಲ್ಲ ಚುನಾವಣೆಗೂ ಅದೇ ಅಭ್ಯಾಸವಾಯಿತು.

ನಾನಂತೂ ಒಂದು ಸಲವೂ ಓಟು ಹಾಕಿಲ್ಲ. ಟೀಚರಿಗೆ ಡ್ಯೂಟಿ ತಪ್ಪುವುದಿಲ್ಲವಲ್ಲ. ಚಿಕ್ಕಬಳ್ಳಾಪುರದ ಕಡೆಯೋ ಗೌರಿಬಿದನೂರಿನ ಕಡೆಯೋ ಯಾವುದೋ ಹಳ್ಳಿಯ ಶಾಲೆಯಲ್ಲಿ ಹಿಂದಿನ ರಾತ್ರಿ ಬೆಂಚಿನ ಮೇಲೆ ಮಲಗಿ, ಬೆಳಗಾದರೆ ಸಾಲಿನಲ್ಲಿ ಬಂದವರ ಬೆರಳಿಗೆಲ್ಲ ಶಾಯಿ ಹಚ್ಚುವುದು. ಡ್ಯೂಟಿಯಲ್ಲಿರುವವರಿಗೆ ಅಂಚೆಯಲ್ಲಿ ಓಟು ಹಾಕುವ ಸೌಲಭ್ಯವಿದೆ, ಆದರೆ ಅದಕ್ಕೂ ಪಟ್ಟಿಯಲ್ಲಿ ಹೆಸರಿರಬೇಕು. ನನ್ನ ಹೆಸರು ಇದ್ದದ್ದು ಇನ್ನೊಬ್ಬಳ ಸಂಸಾರದಲ್ಲಿ.

ಇದನ್ನೆಲ್ಲ ಎಷ್ಟೋ ವರ್ಷ ಸಹಿಸಿಕೊಂಡೆ. ಸಹಿಸಿಕೊಂಡೆ ಎನ್ನುವುದಕ್ಕಿಂತ ಸುಸ್ತಾಗಿದ್ದೆ ಎನ್ನುವುದು ಸರಿ. ಪ್ರತಿ ಸಲ ಮನೆಗೆ ಪಟ್ಟಿ ಬರೆಯುವವರು ಬಂದಾಗ ಅಮ್ಮ ಬಾಗಿಲಲ್ಲೇ ನಿಂತು, "ನಮ್ಮನೇಲಿ ನಾನೊಬ್ಳೇ ಸ್ವಾಮಿ. ಮಗಳದು ಬೇರೆ ಕಡೆ ಇದೆ" ಎಂದು ಕಳಿಸಿಬಿಡುತ್ತಿದ್ದಳು. ನಾನು ಒಳಗೆ ಕಾಪಿ ಪುಸ್ತಕ ತಿದ್ದುತ್ತಾ ಕೂತಿರುತ್ತಿದ್ದೆ. ನನ್ನ ಸಂಬಳದಲ್ಲಿ ಹೆಂಚು ಬದಲಾಯಿಸಿದ ಮನೆ, ಕಂದಾಯ ಕಟ್ಟುವವಳೂ ನಾನೇ. ಆ ಮನೆಯಲ್ಲಿ ನಾನಿಲ್ಲ.

ಈ ವರ್ಷ ಫೋಟೊ ಇರುವ ಗುರುತಿನ ಚೀಟಿ ಬಂತು. ಚೀಟಿ ಇಲ್ಲದಿದ್ದರೆ ಓಟಿಲ್ಲವಂತೆ, ಮುಂದೆ ರೇಷನ್ನೂ ಇಲ್ಲವಂತೆ, ಕೊನೆಗೆ ಬಸ್ಸೂ ಹತ್ತಿಸುವುದಿಲ್ಲವಂತೆ ಎಂದು ಶಿಡ್ಲಘಟ್ಟದಲ್ಲಿ ಮಾತು ಬೆಳೆಯುತ್ತಾ ಹೋಯಿತು. ನಮ್ಮ ಹೆಡ್‌ಮಾಸ್ಟರು ಬೀದಿಯವರಿಗೆ ಫಾರಂ ತುಂಬಿಕೊಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಶಾಲೆಯ ಜಗಲಿಯ ಮೇಲೆ ಕೂತು ಹೇಳಿದ್ದನ್ನೇ ಹೇಳಿದೆ. ಹದಿನೆಂಟು ತುಂಬಿರಬೇಕು. ಹೊಸದಾಗಿ ಸೇರಿಸಲು ಆರನೇ ನಮೂನೆ, ತೆಗೆಸಲು ಏಳನೇ ನಮೂನೆ. ಎರಡು ಕಡೆ ಹೆಸರಿರಬಾರದು. ಮನೆಯಲ್ಲಿ ಈಗಾಗಲೇ ಓಟು ಇರುವ ಒಬ್ಬರು ಇವರು ನಮ್ಮವರೇ ಎಂದು ರುಜು ಹಾಕಬೇಕು. ಎದುರು ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಗಂಗುಲಮ್ಮ ಬಿಸಿನೀರಿನಲ್ಲಿ ನೆಂದ ಬೆರಳಲ್ಲೇ ಬಂದು ರುಜು ಹಾಕಿ, ಎದ್ದು ಹೋಗುವಾಗ ಕೇಳಿದಳು.

"ಟೀಚರಮ್ಮ, ಊರಿಗೆಲ್ಲ ಬರ್ಕೊಡ್ತೀರಲ್ಲ, ನಿಮ್ದು ಯಾವ ಬೂತು?"

ಅವಳು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ನನಗೆ ಮುಖದ ಮೇಲೆ ಹೊಡೆದ ಹಾಗಾಯಿತು. ಇನ್ನು ತಡೆಯಲಾರೆ ಎನ್ನಿಸಿತು. ಚಿಂತಾಮಣಿಯಲ್ಲಿ ಹೆಸರು ತೆಗೆಸಬೇಕು, ಶಿಡ್ಲಘಟ್ಟದಲ್ಲಿ ಸೇರಿಸಬೇಕು. ಮೊದಲನೆಯದಕ್ಕೆ ಮಾವ ಬಂದು ಈಕೆ ನನ್ನ ಹೆಂಡತಿಯಲ್ಲ ಎಂದು ಹೇಳಬೇಕು. ಎರಡನೆಯದಕ್ಕೆ ಅಮ್ಮ ರುಜು ಹಾಕಬೇಕು. ಆ ಇಬ್ಬರಲ್ಲಿ ಯಾರು ಹೆಚ್ಚು ಮೊಂಡರೆಂದು ಹೇಳುವುದು ಕಷ್ಟ.

ಅವತ್ತು ಸಾಯಂಕಾಲವೇ ಅಮ್ಮನ ಮುಂದೆ ಫಾರಂ ಇಟ್ಟೆ. ಅವಳು ಹುರುಳಿ ಆರಿಸುತ್ತಿದ್ದಳು. ಕಾಗದದ ಕಡೆ ನೋಡಲೂ ಇಲ್ಲ.

"ಏನೇ ಅವಸರ ಈಗ? ಆ ಹೆಸ್ರು ಅಲ್ಲಿದ್ರೆ ನಿಂಗೇನು ಭಾರಾನಾ?"

"ಭಾರಾನೇ. ಇನ್ನೇನು ಆ ಊರಲ್ಲೂ ಫೋಟೊ ತೆಗೀತಾರಂತೆ. ನನ್ನ ಹೆಸರಿಗೆ ಮಾವನ ಹೆಂಡ್ತಿ ಮುಖ ಅಂಟಿಸಿ ಕಾರ್ಡ್ ಮಾಡಿಬಿಟ್ರೆ ಆಮೇಲೆ ಬ್ರಹ್ಮ ಬಂದ್ರೂ ಬಿಡಿಸಕ್ಕಾಗಲ್ಲ."

"ಪೋನೀಲೇ, ಹೋಗ್ಲಿ, ಅಂಟಿಸ್ಲಿ ಬಿಡು. ಒಂದು ಓಟು ತಾನೇ?"

"ಒಂದು ಓಟಾದ್ರೆ ಇಷ್ಟು ವರ್ಷ ಯಾಕಮ್ಮ ಕಾವಲು ಕಾಯ್ತಿದೀಯ ಅದನ್ನ?"

ಅಮ್ಮ ಮೊರವನ್ನು ಕೆಳಗಿಟ್ಟಳು. ಮನೆಯಲ್ಲಿ ನಾವಿಬ್ಬರೇ ಇದ್ದರೂ ಗೋಡೆಗೆ ಕೇಳಿಸೀತೆಂಬಂತೆ ದನಿ ತಗ್ಗಿಸಿದಳು.

"ಅವಳಿಗೆ ಇನ್ನೂ ಮಕ್ಕಳಾಗಿಲ್ಲ ಕಣೇ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಯಿತು. ಹನ್ನೊಂದು ವರ್ಷದಿಂದ ಅಮ್ಮ ಆ ಮನೆಯಲ್ಲಿ ನನಗೊಂದು ಜಾಗ ಹಿಡಿದಿಟ್ಟಿದ್ದಳು, ಬಸ್ಸಿನ ಸೀಟಿಗೆ ಟವಲು ಹಾಕಿದ ಹಾಗೆ. ವೆಂಕಟರತ್ನಮ್ಮನ ಮಡಿಲು ತುಂಬದಿದ್ದರೆ ತಮ್ಮ ಇನ್ನೊಂದು ಮದುವೆಯಾಗುತ್ತಾನೆ, ಆಗ ಹುಡುಕಲು ದೂರ ಹೋಗಬೇಕಾಗಿಲ್ಲ, ಸರ್ಕಾರದ ಕಾಗದದಲ್ಲೇ ಹೆಂಡತಿ ಎಂದು ಇದೆ.

"ಥೂ! ಎರಡನೇ ಹೆಂಡ್ತಿಯಾಗಿ ಹೋಗಂತೀಯಾ ನನ್ನ?"

"ಎರಡನೇದೋ ಮೂರನೇದೋ, ಒಂದು ಮನೆ ಅಂತ ಬೇಡ್ವಾ?"

"ಇದು ಮನೆ ಅಲ್ವಾ?"

"ಇದು ನನ್ನ ಗಂಡನ ಮನೆ ಕಣೇ. ನಿನ್ದಲ್ಲ."

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಬೇಳೆ ಬೆಂದಿದೆ, ಇಳಿಸು ಎನ್ನುವ ಹಾಗೆ ಹೇಳಿದಳು. ನಾನು ಜೋರಾಗಿ ಕೂಗಾಡಿದೆ. ಆಮೇಲೆ ಅಮ್ಮ ಮೊರ ಎತ್ತಿಕೊಂಡು, "ಹೋಗು, ಅಲ್ಲಿ ತೆಗೆಸ್ಕೊಂಡ್ ಬಾ. ನಿಮ್ಮಾವ ಬಾಯ್ಬಿಟ್ಟು ಬೇಡ ಅಂದ್ರೆ ನಾನು ರುಜು ಹಾಕ್ತೀನಿ" ಎಂದಳು. ತನ್ನ ತಮ್ಮನ ಬಾಯಿ ಯಾವತ್ತೂ ಬಿಡುವುದಿಲ್ಲ ಎಂದು ಅವಳಿಗೆ ಧೈರ್ಯವಿತ್ತು.

ಭಾನುವಾರ ಮಾವನ ಊರಿಗೆ ಹೊರಟೆ. ಚಿಂತಾಮಣಿಯಲ್ಲಿ ಬಸ್ಸು ಬದಲಾಯಿಸಿದಾಗ ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತವರೆಲ್ಲ ತುಂಬಿಕೊಂಡಿದ್ದರು. ಒಬ್ಬ ಮುದುಕಿ ತನ್ನ ಸೊಸೆಗೆ ಮಗುವಾಗಲೆಂದು ಹೋಗುತ್ತಿದ್ದಾಳಂತೆ. ನನ್ನ ಕಡೆ ತಿರುಗಿ, "ನಿಂಗೆಷ್ಟು ಮಕ್ಕಳಮ್ಮ?" ಎಂದಳು. ಇಲ್ಲ ಎಂದರೆ ನನಗೂ ಒಂದು ಹರಕೆ ಹೇಳಿಕೊಡುತ್ತಾಳೆ ಎನ್ನಿಸಿ, ನಲವತ್ತೆರಡು ಎಂದೆ. ನನ್ನ ಕ್ಲಾಸಿನಲ್ಲಿ ಅಷ್ಟು ಮಕ್ಕಳಿದ್ದರು. ಮುದುಕಿ ನನ್ನನ್ನು ಆಮೇಲೆ ಮಾತಾಡಿಸಲಿಲ್ಲ.

ಮಾವ ತೋಟಕ್ಕೆ ಹೋಗಿದ್ದ. ವೆಂಕಟರತ್ನಮ್ಮ ಹುಳದ ಮನೆಯಲ್ಲಿ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು. ವರಸೆಯಲ್ಲಿ ನನಗೆ ಅತ್ತೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಅವಳು ನನ್ನನ್ನು ಯಾವಾಗಲೂ ನೀವು ಎಂದೇ ಮಾತಾಡಿಸುವುದು. ನಾನು ಬಂದ ಕಾರಣ ಹೇಳುತ್ತಾ ಹೋದಂತೆ ಅವಳು ಸೊಪ್ಪು ಹಾಕುವುದನ್ನು ನಿಲ್ಲಿಸಲಿಲ್ಲ. ಹುಳ ಸೊಪ್ಪು ತಿನ್ನುವ ಸರಸರ ಸದ್ದು ಬಿಟ್ಟರೆ ಆ ಕೋಣೆಯಲ್ಲಿ ನನ್ನ ದನಿಯೊಂದೇ ಇತ್ತು. ಅವಳು ಜಗಳಕ್ಕೆ ಬರುತ್ತಾಳೆಂದುಕೊಂಡಿದ್ದೆ. ಓಟು ಕಿತ್ತುಕೊಳ್ಳಲು ಬಂದವಳು ತಾನೇ ನಾನು?

"ನೀವು ಬರ್ತೀರ ಅಂತ ಎಷ್ಟ್ ವರ್ಷದಿಂದ ಕಾಯ್ತಿದೀನಿ ಶ್ಯಾಮಲಮ್ಮ," ಎಂದಳು.

ಯಾಕೆ ಎಂದೆ.

"ಮೊದಲ್ನೇ ಸಲ ಓಟಿಗೆ ಹೋದಾಗ ಒಳಗೆ ಕೂತಿದ್ದೋನು ಜೋರಾಗಿ ಕೂಗ್ದ, ಶ್ಯಾಮಲಮ್ಮ, ಗಂಡ ವೆಂಕಟರಾಮಪ್ಪ ಅಂತ. ನಾನು ಹೂಂ ಅಂದೆ. ಪಕ್ಕದಲ್ಲಿ ಗಂಡಸ್ರ ಸಾಲಲ್ಲಿದ್ರು ನಿಮ್ಮಾವ. ಆ ಹೆಸ್ರು ಕೇಳಿದ ತಕ್ಷಣ ತಲೆ ಎತ್ತಿ ಬಾಗಿಲ ಕಡೆ ನೋಡಿದ್ರು. ನನ್ ಕಡೆ ಅಲ್ಲ, ಬಾಗಿಲ ಕಡೆ. ಮದ್ವೆಯಾಗಿ ಇನ್ನೂ ತಿಂಗಳೂ ಆಗಿರ್ಲಿಲ್ಲ ಅಂತೀನಿ."

ಅವಳು ಖಾಲಿ ಬುಟ್ಟಿಯನ್ನು ಕೊಡವಿದಳು.

"ಆಮೇಲೆ ಊರಿನ ಹೆಂಗಸ್ರಿಗೆ ಅದೊಂದು ತಮಾಷೆ ಆಗೋಯ್ತು. ಓಟು ಬಂದಾಗೆಲ್ಲ, ಏನೇ ಶ್ಯಾಮಲಮ್ಮ, ಎಲ್ಲಿಗೆ ಹೊರಟೆ ಅಂತಾರೆ. ಮಕ್ಕಳಾಗ್ಲಿಲ್ವಲ್ಲ, ಈಗೀಗ ಇನ್ನೊಂದು ಮಾತೂ ಸೇರಿಸ್ತಾರೆ. ಹುಷಾರು, ಪಟ್ಟೀಲಿರೋಳು ಬಂದಾಳು ಅಂತಾರೆ. ನಿಮ್ಮಮ್ಮ ಬಂದು ಹೋದಾಗೆಲ್ಲ ನಂಗೆ ನಿದ್ದೆ ಬರಲ್ಲ. ಈಗ ಫೋಟೊ ಬೇರೆ. ಎದೆ ಮೇಲೆ ಸ್ಲೇಟು ಇಟ್ಕೊಂಡು, ಅದ್ರ ಮೇಲೆ ನಿಮ್ ಹೆಸ್ರು ಬರ್ಕೊಂಡು ಕೂರ್ಬೇಕಂತೆ. ಹೆಂಗ್ ಕೂರ್ಲಿ ಹೇಳಿ?"

ಇಷ್ಟು ವರ್ಷ ನನ್ನ ಹೆಸರನ್ನು ಅವಳು ಕಿತ್ತುಕೊಂಡಿದ್ದಾಳೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಅವಳ ಪಾಲಿಗೆ ನಾನು ಅವಳ ಮನೆಯೊಳಗೆ ಬಂದು ಕೂತು ಏಳದೇ ಇದ್ದವಳು. ನನಗೆ ತುಂಬಾ ಪಿಚ್ಚೆನಿಸಿತು. ನಾನೂ ಒಂದು ಹಿಡಿ ಸೊಪ್ಪು ತೆಗೆದುಕೊಂಡು ತಟ್ಟೆಗೆ ಹಾಕಿದೆ.

"ಅಷ್ಟೊಂದು ದಪ್ಪಗೆ ಹಾಕ್ಬೇಡಿ, ಹುಳಕ್ಕೆ ಉಸಿರು ಕಟ್ಟುತ್ತೆ," ಎಂದಳು.

ಮಾವ ಸೊಪ್ಪಿನ ಹೊರೆ ಹೊತ್ತು ಬಂದ. ನನ್ನನ್ನು ಕಂಡು, "ಯಾವಾಗ ಬಂದ್ಯಮ್ಮ? ಅಕ್ಕ ಚೆನ್ನಾಗಿದಾಳಾ?" ಎಂದು ಹೊರೆ ಇಳಿಸಿದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ವಿಷಯ ಹೇಳಿದಾಗ ಬೀಡಿ ಹಚ್ಚಿಕೊಂಡು ಅಂಗಳದ ಕಡೆ ನೋಡುತ್ತಾ ನಿಂತ.

"ತಾಲ್ಲೂಕ್ ಆಫೀಸಿಗೆ ಹೋಗಿ ಅಷ್ಟು ಜನದ ಮುಂದೆ ಅದನ್ನೆಲ್ಲ ಹೇಳ್ಬೇಕಾ? ಮರ್ಯಾದೆ ಇರುತ್ತಾ? ನೋಡಣ ಬಿಡು."

"ಏನು ನೋಡೋದು ಮಾವ? ಗುರುವಾರ ಹೆಸರು ತೆಗ್ಯೋ ಅರ್ಜಿಗಳ ವಿಚಾರಣೆ ಇದೆ. ಅದಾದ ಸೋಮವಾರ ಫೋಟೊ."

"ಅಕ್ಕ ಏನಂತಾಳೆ?"

ಅವನಿಗೂ ಗೊತ್ತಿತ್ತು! ಅಕ್ಕ ಏನೆಂದುಕೊಂಡಿದ್ದಾಳೆ, ಯಾವುದಕ್ಕಾಗಿ ಕಾಯುತ್ತಿದ್ದಾಳೆ, ಎಲ್ಲ ಗೊತ್ತಿತ್ತು. ಹೂಂ ಎನ್ನದೆ ಊಹೂಂ ಎನ್ನದೆ ಹನ್ನೊಂದು ವರ್ಷ ಬೀಡಿ ಸೇದುತ್ತಾ ನಿಂತಿದ್ದ ಮಹಾನುಭಾವ. ನನಗೆ ಬಂದ ಸಿಟ್ಟಿಗೆ ಆ ಸೊಪ್ಪಿನ ಹೊರೆಯನ್ನೇ ಎತ್ತಿ ಅವನ ಮೇಲೆ ಹಾಕಬೇಕೆನಿಸಿತು. ಆದರೆ ನಾನು ಬಾಯಿ ತೆರೆಯುವ ಮೊದಲೇ ವೆಂಕಟರತ್ನಮ್ಮ ಬಾಗಿಲಿಗೆ ಬಂದಳು.

"ಗುರುವಾರ ನೀವು ಬಂದು ಹೇಳಿದ್ರೆ ಸೋಮವಾರ ನಾನು ಫೋಟೊಗೆ ಕೂರ್ತೀನಿ. ಬರ್ಲಿಲ್ಲಾಂದ್ರೆ ಆ ಫೋಟೊಗೂ ಕೂರಲ್ಲ, ಈ ಹುಳದ್ ಮನೇಗೂ ಕಾಲಿಡಲ್ಲ. ಗೌರಿಬಿದನೂರು ಬಸ್ಸು ನಂಗೂ ಗೊತ್ತು."

ಹುಳ ನಾಲ್ಕನೇ ಜ್ವರ ಮುಗಿಸಿ, ಕೊನೆಯ ಸಲ ಪೊರೆ ಕಳಚಿ ಎದ್ದಿತ್ತು. ಹಗಲುರಾತ್ರಿ ಸೊಪ್ಪು ಬೇಡುವ ಕಾಲ ಅದು. ಮಾವ ಹೊರೆಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ, ಬೀಡಿ ಎಸೆದ.

ಗುರುವಾರ ರಜೆ ಹಾಕಿ ಚಿಂತಾಮಣಿ ತಾಲ್ಲೂಕು ಕಚೇರಿಗೆ ಹೋದೆ. ವರಾಂಡದ ತುಂಬಾ ಜನ. ಸತ್ತವರ ಹೆಸರು ತೆಗೆಸಲು ಬಂದವರು, ಬದುಕಿದ್ದೂ ಹೆಸರು ಹೋದವರು, ಎಲ್ಲರ ಕೈಯಲ್ಲೂ ಮುದುಡಿದ ಕಾಗದ. ಮಾವ ಮಡಿಕೆ ಬಿಡದ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದ. ವೆಂಕಟರತ್ನಮ್ಮ ಹಸಿರು ಸೀರೆ ಉಟ್ಟು, ತಲೆತುಂಬಾ ಹೂ ಮುಡಿದಿದ್ದಳು. ನಮ್ಮ ಸರದಿ ಬರುವ ಹೊತ್ತಿಗೆ ಆ ಹೂ ಬಾಡಿಹೋಗಿತ್ತು.

ಶಿರಸ್ತೇದಾರರಿಗೆ ನನಗಿಂತ ಹೆಚ್ಚು ಸುಸ್ತಾಗಿತ್ತು. ನನ್ನ ಹೆಸರು ತೆಗೆಸುವ ಫಾರಂ, ವೆಂಕಟರತ್ನಮ್ಮನಿಗೆ ನಾನು ತುಂಬಿಕೊಟ್ಟಿದ್ದ ಹೆಸರು ಸೇರಿಸುವ ಫಾರಂ, ಎರಡನ್ನೂ ಪಕ್ಕಪಕ್ಕ ಇಟ್ಟು ಕನ್ನಡಕ ಮೇಲೇರಿಸಿದರು.

"ಏನ್ರಮ್ಮ ಇದು? ಒಂದು ಹೆಸ್ರು ತೆಗೀರಿ ಅಂತೀರ, ಅದೇ ಮನೇಗೆ ಇನ್ನೊಂದ್ ಹೆಸ್ರು ಸೇರ್ಸಿ ಅಂತೀರ. ಇಬ್ರಿಗೂ ಗಂಡ ಒಬ್ರೇನಾ?"

ಹಿಂದೆ ಸಾಲಿನಲ್ಲಿದ್ದವರು ಕಿಸಕ್ಕೆಂದು ನಕ್ಕರು. ವೆಂಕಟರತ್ನಮ್ಮ ಸೆರಗಿನ ತುದಿಯನ್ನು ಹಿಂಡುತ್ತಾ ನಿಂತಳು.

"ಇಲ್ಲ ಸಾರ್. ನಾನು ಅವರ ಅಕ್ಕನ ಮಗಳು. ಸಂಬಂಧ ತಪ್ಪಾಗಿ ಬರೆದಿದ್ದಾರೆ," ಎಂದೆ.

"ನೀವು ಸುಮ್ನಿರಿ ಮೇಡಂ, ಯಜಮಾನ್ರು ಹೇಳ್ಲಿ. ಏನ್ರೀ, ನಿಮ್ ಹೆಂಡ್ತಿ ಹೆಸ್ರೇನು?"

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಗಂಡಸರೂ ಹೆಂಡತಿಯ ಹೆಸರು ಹೇಳುವುದಿಲ್ಲ. ಏಯ್ ಎನ್ನುತ್ತಾರೆ, ಇಗೋ ಎನ್ನುತ್ತಾರೆ, ನಮ್ಮನೇಲಿ ಎನ್ನುತ್ತಾರೆ. ಮಾವ ಹೆಬ್ಬೆರಳನ್ನು ಪಕ್ಕಕ್ಕೆ ತೋರಿಸಿದ.

"ಇವಳೇ ಸ್ವಾಮಿ."

"ಇವಳೇ ಅಂತ ಬರ್ಕೊಳ್ಳಕ್ಕಾಗುತ್ತೇನ್ರೀ? ಹೆಸ್ರು ಹೇಳ್ರಿ, ಹೆಸ್ರು!"

ಮಾವ ನನ್ನ ಕಡೆ ನೋಡಿದ. ನಾನು ಗೋಡೆಯ ಕಡೆ ನೋಡಿದೆ. ನಾನು ಬಂದಿದ್ದೇ ಅವನ ಬಾಯಲ್ಲಿ ಇನ್ನೊಬ್ಬಳ ಹೆಸರು ಹೇಳಿಸಲು. ಅದು ಬೇಗ ಬಂದರೆ ಸಾಕೆಂದು ಬೇಡಿಕೊಳ್ಳಬೇಕಿತ್ತು. ಆದರೆ ಅವನು ತಡಮಾಡಿದಷ್ಟು ಹೊತ್ತೂ ನನ್ನೊಳಗೆ ಏನೋ ಒಂದು ಕಿವಿಗೊಟ್ಟು ಕೂತಿತ್ತು. ಇಷ್ಟು ವರ್ಷವಾದ ಮೇಲೂ, ಇಷ್ಟೆಲ್ಲ ರೇಗಾಡಿದ ಮೇಲೂ! ನನಗೇ ನಾಚಿಕೆಯಾಯಿತು.

"ವೆಂಕಟರತ್ನಮ್ಮ," ಎಂದ ಮಾವ. ಅರ್ಧ ಮಾತ್ರ ಕೇಳಿಸಿತು. ಕೆಮ್ಮಿ, ಈ ಸಲ ವರಾಂಡಕ್ಕೆಲ್ಲ ಕೇಳುವ ಹಾಗೆ ಹೇಳಿದ. "ವೆಂಕಟರತ್ನಮ್ಮ ಸ್ವಾಮಿ. ನಂಗೆ ಅವಳೊಬ್ಳೇ ಹೆಂಡ್ತಿ. ಇನ್ಯಾರೂ ಇಲ್ಲ. ಮುಂದಕ್ಕೂ ಇಲ್ಲ."

ಕಡೆಯ ಮಾತು ಶಿರಸ್ತೇದಾರರ ಪ್ರಶ್ನೆಗೆ ಬೇಕಿರಲಿಲ್ಲ. ಅದು ನಮ್ಮಮ್ಮನಿಗೆ ಹೇಳಿದ್ದು.

ಶಿರಸ್ತೇದಾರರು ಪೆನ್ನು ತೆಗೆದರು, ಮತ್ತೆ ನಿಲ್ಲಿಸಿದರು.

"ಸರಿ. ಹಂಗಾದ್ರೆ ಇಷ್ಟು ವರ್ಷ ಈ ಶ್ಯಾಮಲಮ್ಮನ ಓಟು ಯಾರು ಹಾಕಿದ್ದು? ಮಾರ್ಕ್ ಮಾಡಿರೋ ಪಟ್ಟಿ ನೋಡಿದ್ರೆ ಒಂದ್ಸಲಾನೂ ತಪ್ಪಿಲ್ಲ."

ಇನ್ನೊಬ್ಬರ ಹೆಸರಿನಲ್ಲಿ ಓಟು ಹಾಕುವುದು ಅಪರಾಧ, ಜೈಲಿಗೂ ಹಾಕಬಹುದು. ತರಬೇತಿಯಲ್ಲಿ ನನಗೆ ಅದನ್ನು ಬಾಯಿಪಾಠ ಮಾಡಿಸಿದ್ದರು. ವೆಂಕಟರತ್ನಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಇನ್ನೊಂದು ಉಸಿರಿಗೆ ಅವಳು ಬಾಯಿ ಬಿಡುತ್ತಿದ್ದಳು.

"ನಾನೇ ಸಾರ್," ಎಂದೆ. "ಮಾವನ ಮನೆಯಲ್ಲಿ ಇದ್ದೆ. ಈಗ ಶಿಡ್ಲಘಟ್ಟಕ್ಕೆ ಬಂದಿದ್ದೀನಿ."

"ಟೀಚರ್ ಅಂತೀರ. ಎಲೆಕ್ಷನ್ ಡ್ಯೂಟಿ ಇರ್ಲಿಲ್ವಾ?"

"ರಜ ಹಾಕಿ ಬಂದು ಓಟು ಹಾಕ್ತಿದ್ದೆ."

ಚುನಾವಣೆಯ ದಿನ ಟೀಚರಿಗೆ ರಜೆ ಕೊಡುವ ಸರ್ಕಾರ ಇನ್ನೂ ಹುಟ್ಟಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ನನ್ನನ್ನು ಒಮ್ಮೆ ನೋಡಿದರು, ನನ್ನ ಹಿಂದಿದ್ದ ಸಾಲನ್ನು ಒಮ್ಮೆ ನೋಡಿದರು. ಸಾಲು ಗೇಟಿನವರೆಗೂ ಇತ್ತು. "ಸ್ಥಳಾಂತರ" ಎಂದು ಬರೆದು, ನನ್ನ ಹೆಸರಿನ ಮೇಲೆ ಗೆರೆ ಎಳೆದು, ವೆಂಕಟರತ್ನಮ್ಮನ ಫಾರಂಗೂ ರುಜು ಹಾಕಿ, ಮುಂದಿನವರನ್ನು ಕೂಗಿದರು. ಹುಟ್ಟಿದಾಗಿನಿಂದ ಒಂದು ಓಟನ್ನೂ ಹಾಕದ ನಾನು, ಎಲ್ಲ ಓಟನ್ನೂ ನಾನೇ ಹಾಕಿದ್ದೆಂದು ರುಜು ಮಾಡಿ ಹೊರಗೆ ಬಂದೆ.

ಮಾವ ಬಸ್ಸು ವಿಚಾರಿಸಲು ಹೋದ. ವೆಂಕಟರತ್ನಮ್ಮ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

"ಶ್ಯಾಮಲಮ್ಮ, ನಿಮ್ ಓಟು ನಾನು ಹಾಳು ಮಾಡಿಲ್ಲ. ಇವರು ಹೇಳ್ದೋರಿಗೆ ಹಾಕಿಲ್ಲ, ಊರೋರು ಹೇಳ್ದೋರಿಗೂ ಹಾಕಿಲ್ಲ. ಪ್ರತಿ ಸಲಾನೂ ಯೋಚ್ನೆ ಮಾಡೇ ಹಾಕಿದೀನಿ. ನಿಮ್ದಲ್ವಾ ಅಂತ."

ನನಗೆ ನಗು ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅವಳಿಗೇನು ಅರ್ಥವಾಯಿತೋ, ತಲೆಯಿಂದ ಬಾಡಿದ ಹೂವಿನ ಒಂದು ತುಂಡು ಕಿತ್ತು ನನಗೆ ಮುಡಿಸಿದಳು.

ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಅಮ್ಮ ಹೊಸ್ತಿಲಲ್ಲೇ ಕೂತಿದ್ದಳು. ನೀರು ಕೊಡಲಿಲ್ಲ, ಊಟಕ್ಕೆ ಏಳಲಿಲ್ಲ.

"ಬಂದಿದ್ನಾ?"

"ಬಂದಿದ್ದ."

"ಏನಂದ?"

"ಹೆಸರು ಕೇಳಿದ್ರು. ಹೇಳಿದ."

"ಅವಳ ಹೆಸ್ರು? ಬಾಯ್ಬಿಟ್ಟು?"

"ಬಾಯ್ಬಿಟ್ಟು, ಜೋರಾಗಿ. ಅವಳೊಬ್ಬಳೇ, ಮುಂದಕ್ಕೂ ಯಾರೂ ಇಲ್ಲ ಅಂದ."

ಅಮ್ಮ ಬೀದಿಯ ಕಡೆ ನೋಡುತ್ತಾ ಕೂತಳು. ಎದುರು ಮನೆಯಲ್ಲಿ ನೂಲು ಬಿಚ್ಚುವ ಚಕ್ರ ನಿಂತು, ಗಂಗುಲಮ್ಮ ಬಿಸಿನೀರು ಚೆಲ್ಲಿದ ವಾಸನೆ ಬಂತು. ಅಮ್ಮನನ್ನು ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಆದರೆ ಅವಳು ಒಂದೇ ದಿನದಲ್ಲಿ ತುಂಬಾ ಮುದುಕಿಯಾದ ಹಾಗೆ ಕಂಡಳು. ನನಗೂ ಜಗಳವಾಡಲು ಶಕ್ತಿ ಉಳಿದಿರಲಿಲ್ಲ.

"ತಾ ಅದನ್ನ," ಎಂದಳು.

ಆರನೇ ನಮೂನೆಯನ್ನು ಅವಳ ಮುಂದೆ ಮಣೆಯ ಮೇಲೆ ಇಟ್ಟೆ. ಓದಲು ಬರದ ಅವಳು ಕಾಗದದ ಮೇಲೆ ಬೆರಳಾಡಿಸಿದಳು.

"ಇಲ್ಲಿ ಏನ್ ಬರ್ದಿದೀಯ?"

"ನನ್ನ ಹೆಸರು. ಶ್ಯಾಮಲಮ್ಮ."

"ಅದರ ಕೆಳಗೆ?"

"ತಂದೆ ಮುನಿವೆಂಕಟಪ್ಪ."

ಅಪ್ಪ ಹೋಗಿ ಎಷ್ಟೋ ವರ್ಷವಾಗಿತ್ತು. ಅವನ ಹೆಸರು ಕೇಳಿ ಅಮ್ಮ ಸೆರಗು ಸರಿಮಾಡಿಕೊಂಡಳು.

"ಮನೆ?"

"ಇದೇ ಮನೆ ಅಮ್ಮ."

ಅವಳು ಪೆನ್ನು ಹಿಡಿದು, ಕಲಿತಿದ್ದ ಒಂದೇ ಒಂದು ರುಜುವನ್ನು ಒಂದೊಂದೇ ಅಕ್ಷರವಾಗಿ ಕೂಡಿಸುತ್ತಾ ಹಾಕಿದಳು. ಕೊನೆಯ ಅಕ್ಷರ ಮುಗಿಸಿ ಪೆನ್ನು ಕೆಳಗಿಟ್ಟವಳು ನನ್ನನ್ನು ಎಳೆದು ಕುತ್ತಿಗೆಗೆ ಅಪ್ಪಿಕೊಂಡು, ಬೀದಿಯವರೆಲ್ಲ ಬಾಗಿಲಿಗೆ ಬರುವಷ್ಟು ಜೋರಾಗಿ ಅತ್ತಳು. ಆ ಅಳು ನನಗೆ ಗೊತ್ತಿತ್ತು. ಮದುವೆ ಮನೆಗಳಲ್ಲಿ ಎಷ್ಟೋ ಸಲ ಕೇಳಿದ್ದೆ. ಬೇರೆ ತಾಯಂದಿರು ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹಾಗೆ ಅಳುತ್ತಾರೆ. ನಮ್ಮಮ್ಮ ನನ್ನನ್ನು ಉಳಿಸಿಕೊಂಡಾಗ ಅತ್ತಳು. ನಾನು ಒಂದು ಕೈಯಲ್ಲಿ ಅವಳ ಬೆನ್ನು ಸವರುತ್ತಾ, ಇನ್ನೊಂದು ಕೈಯಲ್ಲಿ ಫಾರಂ ಒದ್ದೆಯಾಗದ ಹಾಗೆ ಪಕ್ಕಕ್ಕೆ ಸರಿಸಿದೆ.